ಶೇವಿಂಗ್ ನೊರೆ ಮತ್ತು ನೀರಿನ ಹದ

ಬ್ರಷ್‌ನಲ್ಲಿ ನೊರೆ ಎಬ್ಬಿಸುವುದನ್ನು ಯಾರೂ ಯಾರಿಗೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಅಪ್ಪನದೋ ಅಣ್ಣನದೋ ಬ್ರಷ್ ಎತ್ತಿಕೊಂಡು, ಅವರು ಮಾಡಿದ್ದನ್ನು ನೋಡಿದ ನೆನಪಿನಲ್ಲಿ ಕೆನ್ನೆಗೆ ತಿಕ್ಕುತ್ತೇವೆ. ಅದೇ ಜೀವನಪೂರ್ತಿಯ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಗಲ್ಲ ಉರಿದರೆ ಬ್ಲೇಡನ್ನು ಬೈಯುತ್ತೇವೆ, ನೊರೆ ಅರ್ಧಕ್ಕೇ ಆರಿಹೋದರೆ ಇನ್ನೊಂದು ದುಬಾರಿ ಟ್ಯೂಬ್ ತರುತ್ತೇವೆ. ಕಿರಾಣಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕ್ರೀಮೇ ಒಳ್ಳೆಯ ನೊರೆಗೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಚ್ಚಿನವರ ವಿಷಯದಲ್ಲಿ ಹದ ತಪ್ಪಿರುವುದು ನೀರಿನದು.

ಮೊದಲು, ನೊರೆ ಏಕೆ ಬೇಕು? ಗಡ್ಡದ ಕೂದಲು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ಒಣಗಿದ್ದಾಗ ಬಲು ಬಿರುಸು. ನೀರಿನಲ್ಲಿ ನೆನೆದರೆ ಕೂದಲು ತನ್ನ ತೂಕದ ಶೇ. 30ರ ಆಸುಪಾಸು ನೀರು ಕುಡಿದು ಉಬ್ಬುತ್ತದೆ. ಪ್ರೋಟೀನಿನ ಎಳೆಗಳನ್ನು ಬಿಗಿದಿಟ್ಟಿದ್ದ ಹೈಡ್ರೋಜನ್ ಬಂಧಗಳು ಸಡಿಲಾಗುತ್ತವೆ, ಬ್ಲೇಡು ಹಾಕಬೇಕಾದ ಬಲ ಕಡಿಮೆಯಾಗುತ್ತದೆ. ಇದಕ್ಕೆ ಎರಡು ಮೂರು ನಿಮಿಷವಾದರೂ ಬೇಕು. ಬರೀ ನೀರು ಹಚ್ಚಿಕೊಂಡರೆ ಅದು ಅಷ್ಟು ಹೊತ್ತು ಗಲ್ಲದ ಮೇಲೆ ನಿಲ್ಲುವುದಿಲ್ಲ. ನೀರನ್ನು ಕೂದಲಿನ ಬುಡದಲ್ಲಿ ಹಿಡಿದು ನಿಲ್ಲಿಸುವುದು ನೊರೆಯ ಮೊದಲ ಕೆಲಸ. ಬ್ಲೇಡಿಗೂ ಚರ್ಮಕ್ಕೂ ನಡುವೆ ಜಾರುವ ತೆಳು ಪದರವಾಗಿ ಉಳಿಯುವುದು ಎರಡನೆಯದು. ಜಾಹೀರಾತಿನಲ್ಲಿ ಕಾಣುವ ಹಾಗೆ ಎತ್ತರಕ್ಕೆ ಉಬ್ಬಿನಿಂತ ನೊರೆ ನೋಡಲು ಚೆಂದ, ಆದರೆ ಅದರಲ್ಲಿ ಬಹುಪಾಲು ಗಾಳಿ. ಗಾಳಿಯಿಂದ ಕೂದಲು ನೆನೆಯುವುದಿಲ್ಲ.

ಟ್ಯೂಬಿನ ಹಿಂಬದಿ ಓದಿದವರು ಅಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಹೆಸರು ಕಂಡು ಗಾಬರಿಯಾಗುವುದುಂಟು. ಅದು ನಿಜಕ್ಕೂ ಚರ್ಮ ಸುಡುವ ಕ್ಷಾರ. ಆದರೆ ಕಾರ್ಖಾನೆಯಲ್ಲೇ ಅದು ಸ್ಟಿಯರಿಕ್ ಆಮ್ಲದಂಥ ಕೊಬ್ಬಿನಾಮ್ಲಗಳೊಂದಿಗೆ ಸೇರಿ ಸಾಬೂನಾಗಿ ಮಾರ್ಪಟ್ಟಿರುತ್ತದೆ. ಕ್ರೀಮ್ ಎಂದರೆ ಮುಖ್ಯವಾಗಿ ಆ ಮೆತ್ತನೆಯ ಸಾಬೂನೇ. ಮೈಗೆ ಹಚ್ಚುವ ಸಾಬೂನಿನ ಬಿಲ್ಲೆ ಹೆಚ್ಚಾಗಿ ಸೋಡಿಯಂನದು, ಗಟ್ಟಿ. ಪೊಟ್ಯಾಸಿಯಂ ಸಾಬೂನು ಮೃದು, ನೀರಿನಲ್ಲಿ ಬೇಗ ಕರಗುತ್ತದೆ. ಸ್ಟಿಯರಿಕ್ ಆಮ್ಲದ ಸಾಬೂನು ನಿಧಾನಕ್ಕೆ ನೊರೆಗಟ್ಟುತ್ತದೆ, ಕಟ್ಟಿದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಕೊಬ್ಬರಿ ಎಣ್ಣೆಯ ಸಾಬೂನು ಥಟ್ಟನೆ ದೊಡ್ಡ ಗುಳ್ಳೆ ಎಬ್ಬಿಸಿ ಬೇಗ ಇಳಿದುಹೋಗುತ್ತದೆ. ಕ್ರೀಮಿನಲ್ಲಿ ಎರಡೂ ಬೆರೆತಿರುವುದು ಸಾಮಾನ್ಯ. ಜೊತೆಗೆ ನೀರನ್ನು ಹಿಡಿದಿಡಲು ಗ್ಲಿಸರಿನ್. ಮೈ ಸಾಬೂನಿನಲ್ಲೇ ಗಡ್ಡ ಮುಗಿಸುವವರ ನೊರೆ ಅರ್ಧ ಮುಖ ಆಗುವುದರೊಳಗೆ ಒಣಗುವುದು ಈ ಕಾರಣಕ್ಕೇ.

ಈಗ ಕೈಕೆಲಸ. ಬ್ರಷ್ ಅನ್ನು ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ಬಿಡಿ, ಅಷ್ಟರಲ್ಲಿ ಮುಖ ತೊಳೆದುಕೊಳ್ಳಿ. ಬ್ರಷ್ ಹೊರತೆಗೆದು ನೀರನ್ನು ಚೆನ್ನಾಗಿ ಕೊಡವಿ. ತೇವ ಇರಬೇಕು, ತೊಟ್ಟಿಕ್ಕಬಾರದು. ಹೆಬ್ಬೆರಳಿನ ಉಗುರಿನುದ್ದ ಕ್ರೀಮನ್ನು ಅದರ ನಡುವೆ ಹಾಕಿ, ಬಟ್ಟಲಲ್ಲೋ ಕೆನ್ನೆಯ ಮೇಲೋ ಸುತ್ತಲು ಶುರುಮಾಡಿ. ಮೊದಲ ಅರ್ಧ ನಿಮಿಷದಲ್ಲಿ ಸಿಗುವುದು ಅಂಟಂಟಾದ, ಮಂಕು ಬಿಳುಪಿನ ಮುದ್ದೆ. ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನೊರೆಯಾಯಿತು ಎಂದು. ಇನ್ನೂ ಆಗಿಲ್ಲ. ಬ್ರಷ್‌ನ ತುದಿಯನ್ನಷ್ಟೇ ನೀರಿಗೆ ಮುಟ್ಟಿಸಿ ಮತ್ತೆ ಸುತ್ತಿ. ಮುದ್ದೆ ಸ್ವಲ್ಪ ಸಡಿಲಾಗುತ್ತದೆ. ಮತ್ತೆ ಮುಟ್ಟಿಸಿ, ಮತ್ತೆ ಸುತ್ತಿ. ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಮಂಕು ಬಿಳುಪು ಹೋಗಿ ನೊರೆಗೆ ಹೊಳಪು ಬರುತ್ತದೆ. ಗುಳ್ಳೆಗಳು ಬಿಡಿಬಿಡಿಯಾಗಿ ಕಣ್ಣಿಗೆ ಕಾಣದಷ್ಟು ಸಣ್ಣಗಾಗಿ, ಚೆನ್ನಾಗಿ ಕಡೆದ ಗಟ್ಟಿ ಮೊಸರಿನ ಹಾಗೆ ನಯವಾಗಿ ಕೂರುತ್ತದೆ. ಎರಡು ಬೆರಳ ನಡುವೆ ಉಜ್ಜಿ ನೋಡಿ. ಅಂಟಿದರೆ ಇನ್ನೂ ನೀರು ಬೇಕು, ಸರ್ರನೆ ಜಾರಿದರೆ ಸಾಕು.

ನೀರನ್ನು ಕಂತು ಕಂತಾಗಿ ಸೇರಿಸುವುದೇಕೆ? ಗುಳ್ಳೆಯ ಗೋಡೆ ನೀರಿನದು. ಸಾಬೂನಿನ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದು ತುದಿಗೆ ಬೇಡ. ಹಾಗಾಗಿ ಅವು ಗೋಡೆಯ ಎರಡೂ ಮಗ್ಗುಲಲ್ಲಿ ಸಾಲುಗಟ್ಟಿ ನಿಂತು ಅದನ್ನು ಕಾಯುತ್ತವೆ. ಒಮ್ಮೆಗೇ ನೀರು ಸುರಿದರೆ ಅಣುಗಳು ಸಾಲುವುದಿಲ್ಲ, ದೊಡ್ಡ ಗುಳ್ಳೆಗಳೆದ್ದು ಪಟಪಟನೆ ಒಡೆಯುತ್ತವೆ. ಹಾಗಾದಾಗ ಎಷ್ಟು ಹೊತ್ತು ಸುತ್ತಿದರೂ ಪ್ರಯೋಜನವಿಲ್ಲ, ಚೂರು ಕ್ರೀಮ್ ಸೇರಿಸಬೇಕು. ನೀರು ಕಡಿಮೆಯಾದರೆ ಲಕ್ಷಣ ಬೇರೆ: ಹಚ್ಚಿದ ಒಂದು ನಿಮಿಷಕ್ಕೆ ಕಿವಿಯ ಬಳಿ ನೊರೆಯ ಅಂಚು ಒಣಗಿ ಹೊಪ್ಪಳಿಕೆಯಂತೆ ಏಳುತ್ತದೆ.

ಹಳೆಯ ಕ್ಷೌರದಂಗಡಿಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಅವರು ಮೊದಲು ಸ್ಪ್ರೇ ಬಾಟಲಿಯಿಂದ ಮುಖವನ್ನೆಲ್ಲ ತೋಯಿಸುತ್ತಾರೆ. ಕ್ರೀಮನ್ನು ನೇರವಾಗಿ ಗಲ್ಲಕ್ಕೆ ಹಚ್ಚಿ, ಬ್ರಷ್ ಸುತ್ತುತ್ತ ಸುತ್ತುತ್ತ ನಡುನಡುವೆ ಅದರ ತುದಿಯನ್ನು ಮಗ್ಗಿಗೆ ಅದ್ದುತ್ತಾರೆ. ಮಾತು ನಡೆದೇ ಇರುತ್ತದೆ, ಕೈ ಮಾತ್ರ ನಿಲ್ಲುವುದಿಲ್ಲ. ಆ ಎರಡು ಮೂರು ನಿಮಿಷದಲ್ಲಿ ನೊರೆ ಹದಕ್ಕೆ ಬರುತ್ತದೆ, ಕೂದಲೂ ನೆನೆಯುತ್ತದೆ, ಚರ್ಮಕ್ಕೆ ಒತ್ತಿಕೊಂಡ ಕೂದಲು ಮೇಲಕ್ಕೆದ್ದು ನಿಲ್ಲುತ್ತದೆ. ಡಬ್ಬಿ ಒತ್ತಿದರೆ ಬುಸ್ಸೆಂದು ಬರುವ ಫೋಮ್‌ಗಿಂತ ಈ ಕೈಚಳಕವನ್ನು ನಾನು ಮೇಲೆಂದೇ ಎಣಿಸುತ್ತೇನೆ. ಡಬ್ಬಿಯೊಳಗಿನ ಒತ್ತಡದ ಅನಿಲ ಗುಳ್ಳೆ ಎಬ್ಬಿಸಬಲ್ಲದು, ನೆನೆಸುವ ಸಮಯ ಕೊಡಲಾರದು.

ಇಷ್ಟೆಲ್ಲ ಮಾಡಿಯೂ ನೊರೆ ಏಳದಿದ್ದರೆ ನಲ್ಲಿಯ ಕಡೆ ನೋಡಬೇಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಸಾಬೂನಿನ ಕೊಬ್ಬಿನಾಮ್ಲವನ್ನು ಹಿಡಿದು ಕರಗದ ಗಷ್ಟಾಗಿ ಮಾಡುತ್ತವೆ. ಬಕೆಟ್ಟಿನ ಒಳಸುತ್ತಿಗೆ ಅಂಟುವ ಬೂದುಬಿಳಿ ಜಿಡ್ಡು ಅದೇ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ; ಬೇರೆ ಮೂಲವಿಲ್ಲದಾಗ 600ರವರೆಗೆ ಬಿಡುತ್ತದೆ. ಕುಡಿಯಲು ಒಗ್ಗುವ ನೀರೂ ನೊರೆಗೆ ಒಗ್ಗದಿರಬಹುದು ಎಂದಾಯಿತು. ಮಲೆನಾಡಿನ ಹಳ್ಳದ ನೀರಿನಲ್ಲಿ ಚೂರು ಕ್ರೀಮಿಗೇ ನೊರೆ ಉಕ್ಕಿದ್ದನ್ನು ಕಂಡವರು, ಕೋಲಾರದ ಆಳದ ಬೋರ್‌ವೆಲ್ಲಿನ ನೀರಿನಲ್ಲೋ ಬೆಂಗಳೂರಿನ ಟ್ಯಾಂಕರ್ ನೀರಿನಲ್ಲೋ ಅದೇ ಟ್ಯೂಬನ್ನು ಅನುಮಾನಿಸುತ್ತಾರೆ. ಪರೀಕ್ಷೆ ಸುಲಭ. ಒಂದು ದಿನ ಹಿಡಿದಿಟ್ಟ ಮಳೆನೀರಿನಲ್ಲೋ ಆರ್‌ಓ ಫಿಲ್ಟರಿನ ಅರ್ಧ ಲೋಟದಲ್ಲೋ ನೊರೆ ಎಬ್ಬಿಸಿ. ಅಂದು ನೊರೆ ನಿಂತರೆ ಕಾರಣ ತಿಳಿಯಿತು. ಮುಂದೆ ನೊರೆಗಷ್ಟು ಆ ನೀರು ಬಳಸಿ, ಮುಖ ತೊಳೆಯಲು ನಲ್ಲಿ ನೀರೇ ಸಾಕು. ಕಾಯಿಸಿ ಆರಿಸಿದರೆ ಬೈಕಾರ್ಬೊನೇಟಿನ ಗಡಸುತನವಷ್ಟೇ ಇಳಿಯುತ್ತದೆ, ಸಲ್ಫೇಟಿನದು ಹಾಗೇ ಉಳಿಯುತ್ತದೆ. ಟ್ಯೂಬಿನ ಮೇಲೆ ಇಡಿಟಿಎ ಎಂದಿದ್ದರೆ ಒಳ್ಳೆಯದು. ಅದು ಕ್ಯಾಲ್ಸಿಯಂ ಅನ್ನು ತಾನೇ ಕಟ್ಟಿಹಾಕಿ ಸಾಬೂನನ್ನು ಉಳಿಸುತ್ತದೆ.

ಬ್ರಷ್‌ಗೆ ತುಂಬಾ ಹಣ ಸುರಿಯಬೇಕಿಲ್ಲ. ಹಂದಿಯ ಬಿರುಗೂದಲಿನದು ನೀರು ಹೀರುತ್ತದೆ, ಅದನ್ನು ನೆನೆಸಲೇಬೇಕು. ನೈಲಾನಿನಂಥ ಕೃತಕ ಎಳೆಗಳು ಹೀರುವುದಿಲ್ಲ, ಎಳೆಗಳ ನಡುವೆ ಹಿಡಿದ ನೀರನ್ನು ಬೇಗ ಬಿಟ್ಟುಬಿಡುತ್ತವೆ; ಅದರಲ್ಲಿ ಇನ್ನೂ ಕಡಿಮೆ ನೀರಿನಿಂದ ಶುರುಮಾಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಅಗ್ಗದ ಬ್ರಷ್‌ಗಳಿಂದ ಇಂಗ್ಲೆಂಡ್, ಅಮೆರಿಕಗಳಲ್ಲಿ ಆಂಥ್ರಾಕ್ಸ್ ಹರಡಿ ಜನ ಸತ್ತದ್ದುಂಟು. ಇಂದು ಆ ಭಯವಿಲ್ಲ. ಆದರೂ ಬ್ರಷ್ ಒಬ್ಬೊಬ್ಬರಿಗೂ ಬೇರೆಯೇ ಇರಲಿ. ಕೆಲಸವಾದ ಮೇಲೆ ನೀರು ತಿಳಿಯಾಗುವವರೆಗೆ ತೊಳೆದು, ಕೊಡವಿ, ಗಾಳಿಯಾಡುವ ಕಡೆ ಒಣಗಲು ಬಿಡಿ. ಗಡಸು ನೀರಿನ ಊರಿನಲ್ಲಿ ಬುಡದ ಎಳೆಗಳು ಗಷ್ಟು ಹಿಡಿದು ಬಿರುಸಾಗುತ್ತವೆ. ತಿಂಗಳಿಗೊಮ್ಮೆ ಒಂದು ಲೋಟ ನೀರಿಗೆ ಎರಡು ಚಮಚ ವಿನೆಗರ್ ಬೆರೆಸಿ ಹತ್ತು ನಿಮಿಷ ಎಳೆಗಳನ್ನಷ್ಟೇ ಅದ್ದಿಟ್ಟರೆ ಅದು ಸಡಿಲಾಗಿ ಬಿಟ್ಟುಹೋಗುತ್ತದೆ.