ಪಾವಟಿಗೆ ಕುಸಿದರೆ ಬೈಗುಳ ಯಾರಿಗೆ?

ಕುಪ್ಪೇಲೂರಿನ ನನ್ನ ತಂಗಿಯ ಮನೆಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಬಾಗಿಲ ಮುಂದಿನ ಪಾವಟಿಗೆಯ ಕಡೆಗೆ. ಮನೆ ಕಟ್ಟಿಸಿದ ಎರಡನೆಯ ಮಳೆಗಾಲಕ್ಕೇ ಅದು ಗೋಡೆ ಬಿಟ್ಟು ಒಂದು ಬೆರಳಿನಷ್ಟು ತಗ್ಗಿತು. ಸಿಮೆಂಟು ಮೆತ್ತಿಸಿದರು. ಮರುವರ್ಷ ನಾಲ್ಕು ಬೆರಳು ತಗ್ಗಿತು. ಹೋದ ಶ್ರಾವಣದಲ್ಲಿ ಅವಳ ಅತ್ತೆ ಅಲ್ಲಿಯೇ ಎಡವಿ ಬಿದ್ದು ಮುಂಗೈ ಮುರಿದುಕೊಂಡರು.

ಬೈಗುಳ ಬಿದ್ದದ್ದು ತಂಗಿಗೆ. "ದಿನಾ ಕೊಡಗಟ್ಲೆ ನೀರ ಸುರುವಿ ತೊಳದ್ರ ಪಾವಟಿಗಿ ಕುಸೀದ ಇರತಾವೇನ್ರಿ ಅಕ್ಕಾರ?" ಎಂದ ಗೌಂಡಿ. ಮನೆಯ ಗಂಡಸರು ಹೌದೆಂದು ತಲೆ ಹಾಕಿದರು. ಓಣಿಯವರು, "ಮನಿ ಕೂಡಿ ಬರಲಿಲ್ಲ, ಶಾಂತಿ ಮಾಡಸ್ರಿ" ಎಂದರು. ನನಗೆ ಸಿಟ್ಟು ಬಂದದ್ದು ಇಲ್ಲಿಯೇ.

ನಿಜ ಸಂಗತಿ ಏನು? ಬುನಾದಿ ಕಟ್ಟಲು ಗೋಡೆಗಿಂತ ಅಗಲವಾಗಿ ತೋಡುತ್ತಾರೆ. ಗೋಡೆ ಎದ್ದ ಮೇಲೆ ಮಗ್ಗುಲಲ್ಲಿ ಉಳಿದ ಸಂದನ್ನು ಅದೇ ಮಣ್ಣಿನಿಂದ, ಇಟ್ಟಿಗೆ ಚೂರು, ಕಸ, ಹರಕು ಚೀಲ ಸಹಿತ ಮುಚ್ಚಿಬಿಡುತ್ತಾರೆ. ಮನೆ ನಿಂತಿರುವುದು ಕೆಳಗಿನ ಗಟ್ಟಿ ನೆಲದ ಮೇಲೆ. ಪಾವಟಿಗೆ ಕುಳಿತಿರುವುದು ಈ ಸಡಿಲ ಮಣ್ಣಿನ ಮೇಲೆ. 6 ಅಡಿ ಉದ್ದ, 4 ಅಡಿ ಅಗಲ, 4 ಅಂಗುಲ ದಪ್ಪದ ಒಂದು ಕಾಂಕ್ರೀಟು ಹಾಸು 5 ಕ್ವಿಂಟಲಿಗೂ ಹೆಚ್ಚು ಭಾರ. ಅಷ್ಟು ಭಾರ ಹೇರಿ, ಮೇಲಿನಿಂದ ಮಳೆಯೂ ಸುರಿದರೆ ಮಣ್ಣು ಅಡಗದೆ ಇದ್ದೀತೆ?

ಅದರಲ್ಲೂ ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಹೊಲ ಅಂಗೈ ಹೋಗುವಷ್ಟು ಬಿರಿಯುವುದನ್ನು ನಾವೆಲ್ಲ ಕಂಡವರೇ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆಯ ನಡುವಿನ ನೆಲದ ತೇವ ಹೆಚ್ಚು ಬದಲಾಗುವುದಿಲ್ಲ; ಅಂಚಿನಲ್ಲಿರುವ ಪಾವಟಿಗೆಯ ಕೆಳಗೆ ಮಾತ್ರ ವರ್ಷವರ್ಷವೂ ಈ ಏರಿಳಿತ ತಪ್ಪದು. ಸರಕಾರದ ಕಾಲುವೆಗಳನ್ನೂ ಈ ಮಣ್ಣು ಬಿಟ್ಟಿಲ್ಲ. ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿಯವರು ಮಲಪ್ರಭಾ ಕಾಲುವೆಗೆ ಸಂಬಂಧಿಸಿದಂತೆ ಇದನ್ನೇ ಅಭ್ಯಾಸ ಮಾಡಿ, ಎರೆಗೂ ಕಾಂಕ್ರೀಟಿಗೂ ನಡುವೆ ಉಬ್ಬದ ಮಣ್ಣಿನ ದಪ್ಪ ಪದರು ಹಾಕಬೇಕೆಂದು ತೋರಿಸಿಕೊಟ್ಟರು. ಅಲ್ಲಿ ಯಾರೂ ನೀರು ಹಾಕಿ ತೊಳೆಯುವ ಹೆಣ್ಣುಮಕ್ಕಳನ್ನು ದೂರಲಿಲ್ಲ!

ನೀರಿನದೂ ತಪ್ಪಿದೆ, ಒಪ್ಪೋಣ. ಆದರೆ ಯಾವ ನೀರು? 1,000 ಚದರಡಿ ಮಾಳಿಗೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿಗೂ ಹೆಚ್ಚು ನೀರಾಗುತ್ತದೆ. 15 ಲೀಟರಿನ ಕೊಡದಲ್ಲಿ ಎಣಿಸಿದರೆ 150 ಕೊಡ ದಾಟಿತು. ತಂಗಿಯ ಮನೆಯಲ್ಲಿ ಆ ನೀರಿನ ಕೊಳವೆ ನೇರ ಪಾವಟಿಗೆಯ ಬುಡಕ್ಕೇ ಬೀಳುತ್ತದೆ. ಅದನ್ನು ಅಲ್ಲಿಗೆ ಇಳಿಸಿದವರು ಯಾರು? ಅವರನ್ನು ಬಿಟ್ಟು ಮುಂಜಾನೆಯ ಒಂದು ಕೊಡ ನೀರನ್ನು ಹಿಡಿದರು.

ನಮ್ಮ ಹಿರಿಯರು ಬಾಗಿಲ ಮುಂದೆ ಕಲ್ಲು ಚಪ್ಪಡಿ ಇಡುತ್ತಿದ್ದರು. ಕುಸಿದರೆ ಹಾರೆ ಹಾಕಿ ಎತ್ತಿ, ಕೆಳಗೆ ಗರಸು ತುಂಬಿ ಮತ್ತೆ ಕೂಡಿಸುತ್ತಿದ್ದರು. ಕಾಂಕ್ರೀಟು ಹಾಗೆ ಎತ್ತಲು ಬಾರದು. ಆದ್ದರಿಂದ ಹಾಕುವ ಮೊದಲೇ ಜಾಗ್ರತೆ ಬೇಕು.

ಮನೆ ಕಟ್ಟಿಸುವ ಅಕ್ಕತಂಗಿಯರೇ, ಚಹಾ ಕೊಟ್ಟು ಒಳಗೆ ಹೋಗಬೇಡಿ, ಅಲ್ಲಿಯೇ ನಿಲ್ಲಿರಿ. ಬುನಾದಿಯ ಸಂದಿಗೆ ಎರೆ ಮಣ್ಣು ತುಂಬಲು ಬಿಡಬೇಡಿ, ಗರಸು ಹಾಕಿಸಿರಿ. ಅರ್ಧರ್ಧ ಅಡಿಗೆ ಒಮ್ಮೆ ಹದವಾಗಿ ನೀರು ಚಿಮುಕಿಸಿ ದಮ್ಮಸು ಬಡಿಸಿರಿ. ಹಾಸಿನ ಇಳಿಜಾರು ಗೋಡೆಯಿಂದ ಹೊರಕ್ಕಿರಲಿ, ಅಡಿಗೆ ಕಾಲು ಅಂಗುಲದಷ್ಟಾದರೂ. ಮಾಳಿಗೆಯ ನೀರು, ಬಚ್ಚಲ ನೀರು ದೂರ ಹೋಗಲಿ. ಈಗಾಗಲೇ ಕುಸಿದಿದ್ದರೆ ಕೋಲಿನಿಂದ ಬಡಿದು ನೋಡಿ. ಟೊಳ್ಳು ಸಪ್ಪಳ ಬಂದರೆ ಮೇಲೆ ಸಿಮೆಂಟು ಮೆತ್ತುವುದು ದುಡ್ಡು ದಂಡ. ಒಡೆದು, ಸಡಿಲ ಮಣ್ಣು ತೆಗೆದು, ಮತ್ತೆ ತುಂಬಿಸಬೇಕು.

ತಂಗಿ ಈಗ ಹಾಗೆಯೇ ಮಾಡಿಸಲು ಹೊರಟಿದ್ದಾಳೆ. "ಅತ್ತಿ ಕೈ ಮುರದದ್ದು ಸಾಕು" ಎನ್ನುತ್ತಾಳೆ. ನಿಮ್ಮ ಮನೆಯಲ್ಲಿಯೂ ಯಾರಾದರೂ "ನೀರು ಚೆಲ್ಲಬ್ಯಾಡ" ಎಂದು ಗದರಿದರೆ, ಮಾಳಿಗೆಯ ಕೊಳವೆ ಎಲ್ಲಿ ಬೀಳುತ್ತದೆ ಎಂದು ಮೊದಲು ಕೇಳಿರಿ.