ಟರ್ಬೋ ತಾನಾಗಿ ಸಾಯೋದಿಲ್ಲ

ಕೃಷಿ ಪತ್ರಿಕೆಯಲ್ಲಿ ಕಾರಿನ ಮಾತೇಕೆ ಎಂದು ಕೇಳಬಹುದು. ನಮ್ಮಂಥವರ ಮನೆ ಮುಂದೆ ನಿಂತಿರುವುದು ಷೋಕಿಯ ಕಾರಲ್ಲ. ಹಿಂದಿನ ಸೀಟು ಮಡಚಿದರೆ ಆರು ಚೀಲ ಕೊಬ್ಬರಿ ಹಿಡಿಯುತ್ತದೆ. ಗೊಬ್ಬರ, ಹಿಂಡಿ, ಪಂಪಿನ ಪೈಪು, ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಬೇಕಾದವರು, ಎಲ್ಲಕ್ಕೂ ಅದೇ ಗಾಡಿ. ಶ್ರವಣಬೆಳಗೊಳಕ್ಕೆ 2017ರಲ್ಲಿ ಬೆಂಗಳೂರಿನ ರೈಲು ಬಂತು. ಬೆಂಗಳೂರಿಗೆ ಹೋಗೋದಾದರೆ ಅದರಲ್ಲೇ ಹೋಗುತ್ತೇವೆ. ಆದರೆ ಜಿನನಾಥಪುರದ ತೋಟದಿಂದ ತಿಪಟೂರು ಮಾರುಕಟ್ಟೆಗೆ ಉಂಡೆ ಕೊಬ್ಬರಿಯನ್ನು ರೈಲು ಒಯ್ಯುವುದಿಲ್ಲ. ಹಾಗಾಗಿ ಗಾಡಿಯೂ ನಮಗೆ ಕೃಷಿ ಉಪಕರಣವೇ.

ನನ್ನದು ಹದಿನೈದು ವರ್ಷ ದಾಟಿದ ಟರ್ಬೋ ಡೀಸೆಲ್ ಗಾಡಿ. ಮೂರು ವರ್ಷದ ಹಿಂದೆ ಕೊಬ್ಬರಿ ತುಂಬಿಕೊಂಡು ಹೋಗುವಾಗ ಏರಿನಲ್ಲಿ ಎಳೆಯಲೇ ಇಲ್ಲ. ಬಾನೆಟ್ಟಿನ ಒಳಗಿಂದ ಶಿಳ್ಳೆ ಹೊಡೆದ ಹಾಗೆ ಶಬ್ದ. ಹಿಂದೆ ನೋಡಿದರೆ ನೀಲಿ ಹೊಗೆ. ಪೇಟೆಯ ಒಂದು ಗ್ಯಾರೇಜಿನಲ್ಲಿ ಬಿಟ್ಟೆ. “ಟರ್ಬೋ ಹೋಗಿದೆ, ಪೂರ್ತಿ ಸೆಟ್ಟೇ ಬದಲಾಯಿಸಬೇಕು” ಅಂದರು. ಒಟ್ಟು 28 ಸಾವಿರ ಆಯಿತು. ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾದು ಒಣಗಿದ ಕೊಬ್ಬರಿಯಲ್ಲಿ ಎಷ್ಟೋ ಪಾಲು ಅಲ್ಲಿಗೇ ಹೋಯಿತು.

ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಐದನೇ ತಿಂಗಳು ಮತ್ತೆ ಅದೇ ಶಿಳ್ಳೆ, ಅದೇ ಹೊಗೆ!

ಈ ಸಲ ಹಳೇ ಲಾರಿಗಳ ಕೆಲಸ ಮಾಡಿ ಕೈ ಪಳಗಿದ ಒಬ್ಬ ಮೇಸ್ತ್ರಿಯ ಹತ್ತಿರ ಹೋದೆ. ಅವರು ಟರ್ಬೋ ಮುಟ್ಟುವ ಮೊದಲೇ ಒಂದು ಮಾತು ಕೇಳಿದರು. “ಗೌಡ್ರೆ, ಹೊಸದು ಹಾಕೋದು ಸುಲಭ. ಹಳೇದು ಯಾಕೆ ಹೋಯ್ತು ಅಂತ ಯಾರಾದ್ರೂ ನೋಡಿದ್ರಾ?”

ಯಾರೂ ನೋಡಿರಲಿಲ್ಲ. ನಾನೂ ಕೇಳಿರಲಿಲ್ಲ. ಈ ಲೇಖನ ಬರೆಯಲು ಕಾರಣ ಆ ಒಂದು ಪ್ರಶ್ನೆ.

ಟರ್ಬೋ ಅಂದರೆ ಏನು?

ನಮಗೆ ಗೊತ್ತಿರುವ ವಸ್ತುವಿನಿಂದಲೇ ಹೇಳುತ್ತೇನೆ. ಬಾವಿಯ ಪಂಪಿನ ಇಂಪೆಲ್ಲರ್ ನೋಡಿದ್ದೀರಲ್ಲ? ಟರ್ಬೋದ ಒಂದು ತುದಿಯಲ್ಲಿ ಅಂಥದೇ ಒಂದು ಚಕ್ರ ಇದೆ. ಇದು ನೀರಿನ ಬದಲು ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಗಾಳಿ ಹೆಚ್ಚು ಸಿಕ್ಕರೆ ಹೆಚ್ಚು ಡೀಸೆಲ್ ಚೆನ್ನಾಗಿ ಉರಿಯುತ್ತದೆ, ಎಳೆತ ಜಾಸ್ತಿ. ಈ ಚಕ್ರ ತಿರುಗಿಸಲು ಮೋಟಾರಿಲ್ಲ, ಬೆಲ್ಟಿಲ್ಲ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರವನ್ನು ಎಂಜಿನ್ನಿನ ಬಿಸಿ ಹೊಗೆಯೇ ತಿರುಗಿಸುತ್ತದೆ. ಸೈಲೆನ್ಸರಿನಲ್ಲಿ ಸುಮ್ಮನೆ ಹೋಗುತ್ತಿದ್ದ ಶಕ್ತಿಯನ್ನು ಹಿಡಿದು ದುಡಿಸಿಕೊಳ್ಳುವ ಉಪಾಯ ಇದು. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ನಮ್ಮ ಬಾವಿಯ ಮೋಟಾರು ನಿಮಿಷಕ್ಕೆ ಹೆಚ್ಚೂ ಕಡಿಮೆ 2,900 ಸುತ್ತು ತಿರುಗುತ್ತದೆ. ಕಾರಿನ ಟರ್ಬೋ ಒಂದು ಲಕ್ಷ ಸುತ್ತನ್ನೂ ಮೀರುತ್ತದೆ. ಅಷ್ಟು ವೇಗದ ಶಾಫ್ಟ್ ಕೂರುವುದು ಎಲ್ಲಿ? ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಬಾಲ್ ಬೇರಿಂಗ್ ಇರುವುದಿಲ್ಲ. ಸಣ್ಣ ಬುಷ್ಷಿನೊಳಗೆ, ಎಂಜಿನ್ ಆಯಿಲಿನ ತೆಳು ಪೊರೆಯ ಮೇಲೆ ತೇಲುತ್ತಾ ತಿರುಗುತ್ತದೆ. ಆಯಿಲೇ ಅದರ ಬೇರಿಂಗ್, ಆಯಿಲೇ ಅದರ ತಂಪು. ಕೆಲವೇ ಸೆಕೆಂಡು ಆಯಿಲ್ ತಪ್ಪಿದರೂ ಲೋಹ ಲೋಹಕ್ಕೆ ತಾಗುತ್ತದೆ.

ಹಾಗಾಗಿ ಟರ್ಬೋ ಹೋಯಿತು ಅಂದರೆ ಮೊದಲ ಅನುಮಾನ ಟರ್ಬೋ ಮೇಲಲ್ಲ, ಆಯಿಲ್ ಮೇಲೆ ಬರಬೇಕು.

ಮೇಸ್ತ್ರಿ ಕಂಡುಹಿಡಿದದ್ದು

ಟರ್ಬೋಗೆ ಆಯಿಲ್ ಕೊಡುವ ಸಣ್ಣ ಪೈಪನ್ನು ಬಿಚ್ಚಿ, ಅದರೊಳಗೆ ತಂತಿ ತೂರಿಸಿ ತೋರಿಸಿದರು. ಅರ್ಧ ದಾರಿ ಕಪ್ಪು ಕಿಟ್ಟ ಕಟ್ಟಿತ್ತು. ಈ ಪೈಪು ಎಕ್ಸಾಸ್ಟಿನ ಪಕ್ಕದಲ್ಲೇ ಇರುತ್ತದೆ. ಬಿಸಿಗೆ ಆಯಿಲ್ ಒಳಗೇ ಸೀದು ಗಟ್ಟಿಯಾಗುತ್ತದೆ. ಮೊದಲ ಟರ್ಬೋ ಸತ್ತದ್ದು ಇದರಿಂದ. ಹೊಸ ಟರ್ಬೋಗೂ ಅದೇ ಪೈಪನ್ನೇ ಹಾಕಿದ್ದರು!

ಇನ್ನೊಂದೂ ಸಿಕ್ಕಿತು. ಆಯಿಲ್ ಟರ್ಬೋದಿಂದ ವಾಪಸು ಚೇಂಬರಿಗೆ ಇಳಿಯುವ ಪೈಪಿನ ಬಾಯಿಗೆ ಗ್ಯಾಸ್ಕೆಟ್ಟಿನ ಜೊತೆ ಪೇಸ್ಟನ್ನೂ ಧಾರಾಳವಾಗಿ ಮೆತ್ತಿದ್ದರು. ಬಿಗಿ ಮಾಡಿದಾಗ ಅದು ಒಳಗೆ ಹಿಂಡಿಕೊಂಡು ಬಂದು ದಾರಿ ಕಟ್ಟಿತ್ತು. ಈ ಪೈಪಿನಲ್ಲಿ ಆಯಿಲ್ ಒತ್ತಡದಿಂದ ಹೋಗುವುದಿಲ್ಲ, ಕಾಲುವೆ ನೀರಿನಂತೆ ಇಳಿಜಾರಿಗೆ ಇಳಿಯುತ್ತದೆ. ಕೆಳಗೆ ಕಟ್ಟಿದರೆ ಮೇಲೆ ನಿಲ್ಲುತ್ತದೆ. ನಿಂತ ಆಯಿಲ್ ಎರಡೂ ತುದಿಯ ಚಕ್ರದ ಕಡೆ ಉಕ್ಕುತ್ತದೆ. ಅದೇ ನೀಲಿ ಹೊಗೆ.

“ಸೀಲ್ ಹೋಗಿದೆ” ಅನ್ನುವುದು ಗ್ಯಾರೇಜಿನ ಮಾಮೂಲಿ ಮಾತು. ಟರ್ಬೋದಲ್ಲಿ ರಬ್ಬರ್ ಸೀಲ್ ಇಲ್ಲ. ಪಿಸ್ಟನ್ ರಿಂಗಿನಂಥ ಚಿಕ್ಕ ಲೋಹದ ರಿಂಗ್ ಇದೆ. ಆಯಿಲ್ ಇಳಿಯುವ ದಾರಿ ಕಟ್ಟಿದರೆ, ಇಲ್ಲವೇ ಎಂಜಿನ್ನಿನ ಬ್ರೀದರ್ ಕಟ್ಟಿ ಚೇಂಬರಿನಲ್ಲಿ ಒತ್ತಡ ತುಂಬಿದರೆ, ಅಂಗಡಿಯಿಂದ ಅದೇ ದಿನ ತಂದ ಟರ್ಬೋ ಕೂಡ ಸೋರುತ್ತದೆ.

ಬಾವಿ ಮೋಟಾರು ಸುಟ್ಟರೆ ನಾವೂ ಹೀಗೇ ಮಾಡುತ್ತೇವಲ್ಲವೇ? ರೀವೈಂಡ್ ಮಾಡಿಸಿ ಇಳಿಸುತ್ತೇವೆ. ಒಂದು ಫೇಸ್ ಬರುತ್ತಿಲ್ಲ, ಸ್ಟಾರ್ಟರಿನ ರಿಲೇ ಕೆಲಸ ಮಾಡುತ್ತಿಲ್ಲ ಅನ್ನೋದನ್ನ ನೋಡುವುದಿಲ್ಲ. ಮತ್ತೆ ಸುಡುತ್ತದೆ. ಬೈಯುವುದು ರೀವೈಂಡ್ ಮಾಡಿದವನನ್ನು!

ಎರಡನೇ ರಿಪೇರಿಗೆ ಮೇಸ್ತ್ರಿ ಪೂರ್ತಿ ಟರ್ಬೋ ತರಿಸಲಿಲ್ಲ. ಹೊರಗಿನ ಎರಡೂ ಕವಚ ಚೆನ್ನಾಗಿದ್ದವು. ಶಾಫ್ಟು, ಬುಷ್ಷು, ಎರಡು ಚಕ್ರ ಸೇರಿದ ನಡುವಿನ ಭಾಗ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂತು. ಇದಕ್ಕೆ ಕೋರ್ ಅಥವಾ ಕಾರ್ಟ್ರಿಜ್ ಅನ್ನುತ್ತಾರೆ. ಅದಕ್ಕೆ 9 ಸಾವಿರ. ಹೊಸ ಆಯಿಲ್ ಪೈಪು, ಆಯಿಲ್, ಫಿಲ್ಟರ್, ಕೂಲಿ ಸೇರಿ 14 ಸಾವಿರ. ಎರಡು ವರ್ಷದ ಮೇಲಾಯಿತು, ಹೊಗೆ ಇಲ್ಲ.

ತಪ್ಪು ನನ್ನದೂ ಇದೆ

ಗ್ಯಾರೇಜನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ಪೈಪಿನಲ್ಲಿ ಕಿಟ್ಟ ಕಟ್ಟಿದ್ದು ಒಂದು ದಿನದಲ್ಲಲ್ಲ. ಕೊಬ್ಬರಿ ಧಾರಣೆ ಏರಲಿ, ಆಮೇಲೆ ಆಯಿಲ್ ಬದಲಾಯಿಸೋಣ ಎಂದು ನಾನೇ ಎರಡು ಸಲ ಮುಂದೆ ಹಾಕಿದ್ದೆ. ಸಿಕ್ಕಿದ ಆಯಿಲ್ ಹಾಕಿದ್ದೆ. ಏರು ಹತ್ತಿ ಬಂದು ನಿಂತ ಕೂಡಲೇ ಕೀ ತಿರುಗಿಸಿ ಇಳಿಯುತ್ತಿದ್ದೆ. ಆಗ ಎಂಜಿನ್ ನಿಲ್ಲುತ್ತದೆ, ಆಯಿಲ್ ಹರಿವೂ ನಿಲ್ಲುತ್ತದೆ. ಕೆಂಡದಂತೆ ಕಾದ ಟರ್ಬೋದೊಳಗೆ ಉಳಿದ ಆಯಿಲ್ ಸೀದು ಹೋಗುತ್ತದೆ. ಭಾರ ಎಳೆದು ಬಂದ ಮೇಲೆ ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಸಿಲರೇಟರ್ ಒತ್ತಬಾರದು. ದುಡ್ಡು ಖರ್ಚಿಲ್ಲದ ಔಷಧಿ ಇದು.

ನಮ್ಮ ಕಡೆಯ ಕೆಂಪು ಧೂಳಿನ ವಿಚಾರವೂ ಇದೆ. ಏರ್ ಫಿಲ್ಟರಿನ ಆಚೆಯ ಹೋಸ್ ಪೈಪು ಒಂದು ಕಡೆ ಬಿರುಕು ಬಿಟ್ಟರೂ ಧೂಳು ನೇರ ಚಕ್ರಕ್ಕೆ ಬಡಿದು ಅದರ ರೆಕ್ಕೆ ಸವೆಯುತ್ತದೆ.

ಬಿಚ್ಚಿಸುವ ಮೊದಲು ನೋಡಿ

ಗಾಡಿ ಎಳೆಯುತ್ತಿಲ್ಲ ಅಂದ ಮಾತ್ರಕ್ಕೆ ಟರ್ಬೋ ಹೋಗಿದೆ ಅಂತಲ್ಲ. ಹೋಸ್ ಪೈಪು ಸೀಳಿರಬಹುದು, ಕ್ಲಿಪ್ಪು ಸಡಿಲವಾಗಿರಬಹುದು, ಏರ್ ಫಿಲ್ಟರ್ ಅಥವಾ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಇವೆಲ್ಲ ನೂರರ ಲೆಕ್ಕದ ಕೆಲಸ.

ಟರ್ಬೋ ನೋಡಲೇಬೇಕೆಂದರೆ ಎಂಜಿನ್ ಆಫ್ ಆಗಿ ಪೂರ್ತಿ ತಣ್ಣಗಾದ ಮೇಲೆ ಗಾಳಿ ಒಳಬರುವ ಹೋಸ್ ಬಿಚ್ಚಿ. ಬೆರಳಲ್ಲಿ ಶಾಫ್ಟಿನ ತುದಿ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ, ಆಯಿಲಿನ ಪೊರೆಗೆ ಬಿಟ್ಟ ಜಾಗ ಅದು. ಒಳಕ್ಕೂ ಹೊರಕ್ಕೂ ಎಳೆದಾಗ ಆಟ ಕೈಗೆ ಗೊತ್ತಾಗಬಾರದು. ಚಕ್ರದ ರೆಕ್ಕೆ ಗೋಡೆಗೆ ತಾಗಬಾರದು, ರೆಕ್ಕೆ ತುದಿ ಮುರಿದಿರಬಾರದು. ಇಷ್ಟು ಸರಿ ಇದ್ದೂ ಆಯಿಲ್ ಸೋರುತ್ತಿದ್ದರೆ, ಇಳಿಯುವ ಪೈಪು ಮತ್ತು ಬ್ರೀದರ್ ನೋಡಿ ಎಂದು ಮೇಸ್ತ್ರಿಗೆ ಹೇಳಿ.

ಒಂದು ಎಚ್ಚರಿಕೆ. ಆಯಿಲ್ ಜೋರಾಗಿ ಸೋರುವ ಟರ್ಬೋ ಇಟ್ಟುಕೊಂಡು ಓಡಿಸಬೇಡಿ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಕುಡಿದು, ಕೀ ಆಫ್ ಮಾಡಿದರೂ ನಿಲ್ಲದೆ ಏರುತ್ತಾ ಹೋಗಬಹುದು. ಹಾಗಾದರೆ ಗಾಡಿ ನಿಲ್ಲಿಸಿ, ಬ್ರೇಕನ್ನು ಪೂರ್ತಿ ಒತ್ತಿ ಹಿಡಿದು, ಟಾಪ್ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕಟ್ಟಿಸಬೇಕು. ಗಾಳಿ ಎಳೆಯುವ ಬಾಯಿಗೆ ಕೈ ಅಡ್ಡ ಕೊಡಬಾರದು.

ಎಲ್ಲವನ್ನೂ ಹಳ್ಳಿಯ ಶೆಡ್ಡಿನಲ್ಲೇ ಮಾಡಬಹುದು ಅನ್ನುವ ಹಠ ನನಗಿಲ್ಲ. ಬುಷ್ ಮಾತ್ರ ಬದಲಾಯಿಸಿ ಅಂದಾಜಿನಲ್ಲಿ ಜೋಡಿಸಿದರೆ ಲಕ್ಷ ಸುತ್ತಿನಲ್ಲಿ ಶಾಫ್ಟ್ ಅದುರಿ ಹೋಗುತ್ತದೆ. ಅದಕ್ಕೆ ಬ್ಯಾಲೆನ್ಸ್ ಮಾಡುವ ಯಂತ್ರ ಬೇಕೇ ಬೇಕು. ಬ್ಯಾಲೆನ್ಸ್ ಆದ ಕೋರ್ ತಂದು ಕೂರಿಸುವ ಕೆಲಸ ಮಾತ್ರ ಒಳ್ಳೆಯ ಮೇಸ್ತ್ರಿಯ ಕೈಯಲ್ಲಿ ಆಗುತ್ತದೆ. ಕೂರಿಸಿದ ಮೇಲೆ ಮೊದಲು ಟರ್ಬೋದ ಆಯಿಲ್ ಬಾಯಿಗೆ ಶುದ್ಧ ಆಯಿಲ್ ಹೊಯ್ದು, ಎಂಜಿನ್ ಹತ್ತದ ಹಾಗೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಸಿ, ಆಮೇಲೆ ಸ್ಟಾರ್ಟ್ ಮಾಡಬೇಕು. ಒಣ ಬುಷ್ಷಿನಲ್ಲಿ ಸ್ಟಾರ್ಟ್ ಮಾಡಿದರೆ ಹೊಸ ಕೋರಿಗೆ ಅದೇ ದಿನ ಪೆಟ್ಟು. ಹೋಸ್ ಮತ್ತು ಇಂಟರ್‌ಕೂಲರಿನಲ್ಲಿ ನಿಂತ ಹಳೇ ಆಯಿಲನ್ನೂ ಮುರಿದ ಚೂರನ್ನೂ ತೊಳೆದು ತೆಗೆಯಬೇಕು. ಇಲ್ಲದಿದ್ದರೆ ರಿಪೇರಿ ಸರಿಯಾಗಿದ್ದರೂ ಹೊಗೆ ಬರುತ್ತದೆ, ನಾವು ಸುಮ್ಮನೆ ಮೇಸ್ತ್ರಿಯ ಮೇಲೆ ಹಾಯುತ್ತೇವೆ.

ನನ್ನ ಬೇಡಿಕೆ

“ಹಳೇ ಗಾಡಿಗೆ ಯಾಕಪ್ಪಾ ಸುರೀತೀಯ, ಮಾರಿ ಬಿಸಾಕು” ಎನ್ನುವವರು ಮನೆಯಲ್ಲೂ ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು. ಹೊಗೆ ಕಾರುವ ಗಾಡಿ ಊರಿಗೆ ಕೆಟ್ಟದ್ದು, ಅದನ್ನು ಸರಿ ಮಾಡಬೇಕು ಇಲ್ಲವೇ ನಿಲ್ಲಿಸಬೇಕು. ಇದರಲ್ಲಿ ತಕರಾರಿಲ್ಲ. ಆದರೆ ಹೊಸ ಗಾಡಿಯ ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ. ನಮ್ಮ ಕೊಬ್ಬರಿ ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುತ್ತದೆ. ಸರಿಯಾಗಿ ರಿಪೇರಿ ಮಾಡಿಸಿದ ಹಳೇ ಗಾಡಿಯೇ ನನ್ನ ಲೆಕ್ಕಕ್ಕೆ ಹೊಂದುತ್ತದೆ.

ಅದಕ್ಕೆ ರಿಪೇರಿ ಅನ್ನುವುದು ದಯೆಯಲ್ಲ, ಹಕ್ಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದಕ್ಕೊಂದು ಪೋರ್ಟಲ್ಲೂ ಬಂತು. ಆರಿಸಿಕೊಂಡ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಇದೆ, ವಾಹನವೂ ಇದೆ. ಆದರೆ ಇದು ಕಾಯಿದೆಯಲ್ಲ. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ರೈತರು ಹಟ ಹಿಡಿದರು. 2023ರಲ್ಲಿ ಕಾಯಿದೆಯೇ ಆಯಿತು. ಟ್ರಾಕ್ಟರ್ ಕಂಪನಿಗಳು ಬಿಡಿಭಾಗ, ಸಲಕರಣೆ, ರಿಪೇರಿ ಮಾಹಿತಿಯನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್ಕುಗಳಿಗೂ ಕೊಡಬೇಕೆಂದು ಅದು ಹೇಳುತ್ತದೆ.

ಕಾಯಿದೆ ಬರುವವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಗ್ಯಾರೇಜಿನಲ್ಲಿ ಮೂರು ವಿಷಯ ನಾವೇ ಕೇಳಬಹುದು. ಒಂದು, ಭಾಗ ಯಾಕೆ ಹೋಯಿತು ಅನ್ನುವುದನ್ನು ಬಿಲ್ಲಿನಲ್ಲಿ ಬರೆದುಕೊಡಿ. ಎರಡು, ಬಿಚ್ಚಿದ ಹಳೇ ಭಾಗ ನನ್ನ ಕೈಗೆ ಕೊಡಿ. ಮೂರು, ಕೋರ್ ಸಿಗುವಾಗ ಪೂರ್ತಿ ಸೆಟ್ ಯಾಕೆ ಅಂತ ಹೇಳಿ.

ಮೊದಲ ದಿನ ನಾನು ಇಷ್ಟು ಕೇಳಿದ್ದರೆ 28 ಸಾವಿರ ಉಳಿಯುತ್ತಿತ್ತು. ಆ ಹಳೇ ಆಯಿಲ್ ಪೈಪನ್ನು ಪಂಪ್ ಹೌಸಿನ ಗೋಡೆಗೆ ನೇತು ಹಾಕಿದ್ದೇನೆ. ಆಯಿಲ್ ಬದಲಾಯಿಸುವ ದಿನ ಮುಂದೆ ಹಾಕೋಣ ಅನಿಸಿದಾಗ ಒಂದು ಸಲ ಅದನ್ನು ನೋಡುತ್ತೇನೆ. ನಿಮ್ಮ ಗಾಡಿ, ಟಿಲ್ಲರ್, ಟ್ರಾಕ್ಟರ್ ರಿಪೇರಿಯಲ್ಲೂ ಇಂಥ ಅನುಭವ ಆಗಿದ್ದರೆ ಬರೆಯಿರಿ. ಒಬ್ಬರು ಕೊಟ್ಟ ದಂಡ ಹತ್ತು ಜನಕ್ಕೆ ಪಾಠವಾಗಲಿ.