ಪದದ ಅರ್ಥ ಬರೆಸಿದರೆ ಪಾಠ ಮುಗಿಯಿತೇ?

ಇಂಗ್ಲಿಷ್ ಮಾಧ್ಯಮದ ವಿಜ್ಞಾನ ತರಗತಿಗಳಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಎಷ್ಟೋ ಸಲ ಪಾಠ ಆರಂಭಿಸುವುದು ‘ಕಠಿಣ ಪದಗಳ ಅರ್ಥ’ದಿಂದ. ವರ್ಕ್ ಎಂದರೆ ಕೆಲಸ, ಪವರ್ ಎಂದರೆ ಶಕ್ತಿ, ಸೆಲ್ ಎಂದರೆ ಕೋಶ ಎಂದು ಕಪ್ಪುಹಲಗೆಯಲ್ಲಿ ಬರೆಯುತ್ತೇವೆ, ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಇಷ್ಟೇ ಸಾಲದು ಎಂಬುದು ನನ್ನ ಅಭಿಪ್ರಾಯ.

ಮೂಟೆ ಹೊತ್ತು ನಿಂತಲ್ಲೇ ನಿಂತ ಹಮಾಲಿ ಬೆವರುತ್ತಾನೆ. ಊರಿನ ಮಾತಿನಲ್ಲಿ ಅದು ಕೆಲಸವೇ. ಭೌತಶಾಸ್ತ್ರದಲ್ಲಿ ಮಾತ್ರ, ಮೂಟೆ ಸ್ಥಳಾಂತರಗೊಳ್ಳದ ಕಾರಣ ಅದರ ಮೇಲಾದ ವರ್ಕ್ ಸೊನ್ನೆ. ಪವರ್, ಎನರ್ಜಿ ಎರಡನ್ನೂ ಮಾತಿನಲ್ಲಿ ‘ಶಕ್ತಿ’ ಎಂದುಬಿಡುತ್ತೇವೆ. ಮೊದಲನೆಯದರ ಏಕಮಾನ ವ್ಯಾಟ್, ಎರಡನೆಯದರದು ಜೂಲ್. ಅಂಗಡಿಯಲ್ಲಿ ‘ತೂಕ 1 ಕೆ.ಜಿ.’ ಎನ್ನುವುದು ವಿಜ್ಞಾನದಲ್ಲಿ ಮಾಸ್. ಅದರ ವೇಟ್ ಸುಮಾರು 9.8 ನ್ಯೂಟನ್. ಈ ವ್ಯತ್ಯಾಸ ತಿಳಿಯದ ಮಗು ವ್ಯಾಖ್ಯೆಯನ್ನು ಚಾಚೂ ತಪ್ಪದೆ ಒಪ್ಪಿಸಿ ಲೆಕ್ಕದಲ್ಲಿ ಎಡವುತ್ತದೆ. ಆಗ ‘ಅದಕ್ಕೆ ಇಂಗ್ಲಿಷ್ ಬರುವುದಿಲ್ಲ’ ಎಂದು ಮಗುವಿನ ಮೇಲೆಯೇ ಹೊರಿಸುತ್ತೇವೆ.

ಪದದ ಹುಟ್ಟೂ ನೆರವಾಗುತ್ತದೆ. ರಾಬರ್ಟ್ ಹುಕ್ 1665ರ ತಮ್ಮ ಪುಸ್ತಕದಲ್ಲಿ, ಕಾರ್ಕಿನ ತೆಳು ಪದರದಲ್ಲಿ ಕಂಡ ಪುಟ್ಟ ಕೋಣೆಗಳಂಥ ರಚನೆಗಳನ್ನು ಸೆಲ್ ಎಂದು ಕರೆದರು. ಇಷ್ಟು ಹೇಳಿದರೆ ಮಗು ಅದನ್ನು ಟಾರ್ಚಿನ ಸೆಲ್ಲಿನೊಡನೆ ಬೆರೆಸುವುದಿಲ್ಲ.

ಹೀಗೆ ಮಾಡಿದರೆ ಪಠ್ಯ ಮುಗಿಯುವುದಿಲ್ಲ ಎನ್ನಬಹುದು. ಹತ್ತು ಪದ ಬರೆಸುವ ಬದಲು ಮೂರನ್ನೇ ಆರಿಸೋಣ. ಪಾಠಯೋಜನೆಯಲ್ಲಿ ಪ್ರತಿ ಪದಕ್ಕೂ ಮೂರು ಅಂಕಣವಿರಲಿ: ದಿನಬಳಕೆಯ ಅರ್ಥ, ವಿಜ್ಞಾನದ ಅರ್ಥ, ಮಗುವೇ ಕೊಟ್ಟ ಉದಾಹರಣೆ. ಮೂರನೆಯ ಅಂಕಣ ತುಂಬಿದಾಗಲೇ ಪದ ಮಗುವಿನದಾಗುತ್ತದೆ.